ಗೆರೆಗಳ ನಡುವಿನ ಗಾಂಧಾರ: ಧ್ವನಿಮುದ್ರಣ ತಂತ್ರಾಂಶಗಳನ್ನು ಹೋಲಿಸುವ ಬಗೆ

ಮೈಸೂರಿನಲ್ಲಿ ಸಂಗೀತ ಕಲಿಯುತ್ತಿರುವ ಮತ್ತು ಮನೆಯಲ್ಲೇ ಧ್ವನಿಮುದ್ರಣ ಆರಂಭಿಸಿರುವ ಕೆಲವರ ಮುಂದೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ಕೇಳಿಸಿದ ಧ್ವನಿತುಣುಕುಗಳನ್ನು ಬರಹದಲ್ಲಿ ಕೇಳಿಸಲಾಗದ ಕಾರಣ ಆ ಜಾಗಗಳಲ್ಲಿ ಸ್ವಲ್ಪ ವಿವರಣೆ ಸೇರಿಸಿದ್ದೇನೆ.

ಸಭೆಗೆ ನಮಸ್ಕಾರ. ವೀಣೆ ಕಲಿಯುವ ಮಕ್ಕಳ ತಂದೆತಾಯಿಯರಿಂದ ಹಿಡಿದು ದೇವರ ಪದಗಳ ಆಲ್ಬಂ ಮಾಡಹೊರಟಿರುವ ಮಂಡ್ಯದ ಕಡೆಯ ಯುವಕರವರೆಗೆ, ನನ್ನ ಬಳಿ ಬರುವವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಸರ್, ಯಾವ ಸಾಫ್ಟ್‌ವೇರ್ ಒಳ್ಳೆಯದು?’ ಪ್ರಶ್ನೆ ನ್ಯಾಯವಾದದ್ದೇ. ಹಣ ಹಾಕುವವರು ವಿಚಾರಿಸಿಯೇ ಹಾಕಬೇಕು. ಆದರೆ ಈ ಪ್ರಶ್ನೆಗೆ ನಾನು ಒಂದು ಹೆಸರು ಹೇಳಿ ಕಳಿಸಿದರೆ ಕೇಳಿದವರಿಗೆ ಉಪಕಾರವಾಗುವುದಿಲ್ಲ. ಇಂಥ ತಂತ್ರಾಂಶಗಳೆಲ್ಲ ಯಾರೋ, ಎಲ್ಲೋ, ಯಾವುದೋ ಒಂದು ಬಗೆಯ ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವು. ಆ ಸಂಗೀತಕ್ಕೆ ಬೇಕಾದ ಗೆರೆಗಳನ್ನು ಅವು ಪರದೆಯ ಮೇಲೆ ಎಳೆದಿಟ್ಟಿರುತ್ತವೆ. ಅಡ್ಡಗೆರೆಗಳು ಸ್ವರಕ್ಕೆ, ಉದ್ದಗೆರೆಗಳು ಕಾಲಕ್ಕೆ. ನಮ್ಮ ಗಾಂಧಾರ ಎಷ್ಟೋ ಸಲ ಎರಡು ಗೆರೆಗಳ ನಡುವೆ ಇರುತ್ತದೆ. ಅದನ್ನು ಅಲ್ಲೇ ಇರಗೊಡುವ ತಂತ್ರಾಂಶ ಯಾವುದು, ಗೆರೆಗೆ ಎಳೆದು ಕೂರಿಸುವ ತಂತ್ರಾಂಶ ಯಾವುದು ಎಂಬುದೇ ನನ್ನ ಇಂದಿನ ಹೋಲಿಕೆಯ ಅಳತೆಗೋಲು.

ಮೊದಲು ಇವುಗಳ ಹುಟ್ಟನ್ನು ನೋಡೋಣ, ಏಕೆಂದರೆ ಹುಟ್ಟುಗುಣ ಇವತ್ತಿಗೂ ಹೋಗಿಲ್ಲ. ಪ್ರೊ ಟೂಲ್ಸ್ 1991ರಲ್ಲಿ ಅಮೆರಿಕದ ಡಿಜಿಡಿಸೈನ್ ಸಂಸ್ಥೆಯಿಂದ ಬಂತು. ಅದಕ್ಕೆ ಎರಡು ವರ್ಷ ಮೊದಲು ಅದೇ ಸಂಸ್ಥೆ ಸೌಂಡ್ ಟೂಲ್ಸ್ ಎಂಬ ಎರಡು ಟ್ರ್ಯಾಕಿನ ವ್ಯವಸ್ಥೆಯನ್ನು ತಂದಿತ್ತು. ಪ್ರೊ ಟೂಲ್ಸ್ ನಾಲ್ಕು ಟ್ರ್ಯಾಕುಗಳಿಂದ ಆರಂಭವಾಯಿತು. ಸ್ಪೂಲ್ ಟೇಪು, ಅದನ್ನು ಕತ್ತರಿಸುವ ಬ್ಲೇಡು, ದೊಡ್ಡ ಮಿಕ್ಸಿಂಗ್ ಮೇಜು ಇವಿಷ್ಟನ್ನೂ ಕಂಪ್ಯೂಟರಿನೊಳಗೆ ತರಬೇಕೆಂಬುದು ಅದರ ಹುಟ್ಟಿನ ಆಸೆ. ಇಂದಿಗೂ ಹಾಡಿದ್ದನ್ನು ಹಾಡಿದಂತೆಯೇ ಹಿಡಿದು, ಕತ್ತರಿಸಿ, ಜೋಡಿಸಿ, ಮಿಕ್ಸ್ ಮಾಡುವ ಕೆಲಸದಲ್ಲಿ ಅದರ ಕೈ ಪಳಗಿದ ಕೈ. ಸಿನಿಮಾ ಸ್ಟುಡಿಯೊಗಳಲ್ಲಿ ಅದು ನೆಲೆಯೂರಿರುವುದಕ್ಕೆ ಈ ಗುಣವೇ ಕಾರಣ.

ಕ್ಯೂಬೇಸ್‌ನ ಕಥೆ ಬೇರೆ. ಜರ್ಮನಿಯ ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ಸಂಸ್ಥೆ 1989ರಲ್ಲಿ ಅಟಾರಿ ಕಂಪ್ಯೂಟರಿಗಾಗಿ ಅದನ್ನು ಬಿಡುಗಡೆ ಮಾಡಿದಾಗ ಅದು ಧ್ವನಿಯನ್ನು ಮುದ್ರಿಸುತ್ತಲೇ ಇರಲಿಲ್ಲ. ಅದು ಮುದ್ರಿಸುತ್ತಿದ್ದುದು ಮಿಡಿ ಸಂದೇಶಗಳನ್ನು, ಅಂದರೆ ಯಾವ ಕೀಲಿಯನ್ನು ಎಷ್ಟು ರಭಸದಿಂದ ಒತ್ತಿದರು, ಯಾವಾಗ ಬಿಟ್ಟರು ಎಂಬ ಲೆಕ್ಕವನ್ನು ಮಾತ್ರ. ಲಾಜಿಕ್ ಕೂಡ ಅದೇ ಕುಲದ್ದು. ಜರ್ಮನಿಯಲ್ಲೇ ಎಮ್ಯಾಜಿಕ್ ಎಂಬ ಸಂಸ್ಥೆಯಲ್ಲಿ ಬೆಳೆದದ್ದು. 2002ರಲ್ಲಿ ಆಪಲ್ ಅದನ್ನು ಕೊಂಡು ವಿಂಡೋಸ್ ಆವೃತ್ತಿಯನ್ನು ನಿಲ್ಲಿಸಿತು. ಈ ಎರಡರಲ್ಲಿಯೂ ಧ್ವನಿ ಆಮೇಲೆ ಬಂದು ಸೇರಿಕೊಂಡ ನೆಂಟ, ಮನೆಯ ಹಿರಿಯ ಮಗ ಕೀಬೋರ್ಡು. ಆದ್ದರಿಂದಲೇ ವಾದ್ಯಗೋಷ್ಠಿಯನ್ನು ಸ್ವರ ಸ್ವರವಾಗಿ ಕಟ್ಟುವ ಸಂಗೀತ ಸಂಯೋಜಕರಿಗೆ ಇವು ಬಹಳ ಹಿತವಾಗುತ್ತವೆ.

ಬೆಲ್ಜಿಯಂನ ಎಫ್‌ಎಲ್ ಸ್ಟುಡಿಯೊ 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಲ್ಲಿ ಬಂದಾಗ ಅದೊಂದು ಸರಳ ಡ್ರಮ್ ಯಂತ್ರ. ಸಾಲಾಗಿ ಗುಂಡಿಗಳು, ಒತ್ತಿದ ಗುಂಡಿಯ ಜಾಗದಲ್ಲಿ ಪೆಟ್ಟು, ಸಾಲು ಮುಗಿದೊಡನೆ ಮತ್ತೆ ಮೊದಲಿನಿಂದ. ಬರ್ಲಿನ್‌ನ ಏಬಲ್ಟನ್ ಲೈವ್ 2001ರಲ್ಲಿ ಬಂತು. ವೇದಿಕೆಯ ಮೇಲೆ ಕಂಪ್ಯೂಟರನ್ನೇ ವಾದ್ಯವಾಗಿ ನುಡಿಸುವವರು ಅದನ್ನು ರೂಪಿಸಿದರು. ರೀಪರ್‌ನ ಹಿಂದೆ ಇದ್ದವರು ವಿನ್ಆ್ಯಂಪ್ ಬರೆದ ಜಸ್ಟಿನ್ ಫ್ರಾಂಕೆಲ್. ಆರ್ಡರ್ ಎಂಬುದು ಮುಕ್ತ ತಂತ್ರಾಂಶ; ಪಾಲ್ ಡೇವಿಸ್ ಆರಂಭಿಸಿದ್ದು, ಲಿನಕ್ಸ್ ಬಳಸುವವರಿಗೆ ಚಿರಪರಿಚಿತ. ಆಡಾಸಿಟಿಯನ್ನು ಈ ಸಾಲಿಗೆ ನಾನು ಸೇರಿಸುವುದಿಲ್ಲ. ಒಂದು ಭಾಷಣವನ್ನೋ ಪಾಠವನ್ನೋ ಮುದ್ರಿಸಿ ತಿದ್ದಲು ಅದು ಒಳ್ಳೆಯ ಸಾಧನ, ಆದರೆ ಕಛೇರಿಯೊಂದನ್ನು ಮಿಕ್ಸ್ ಮಾಡುವ ಕೆಲಸಕ್ಕೆ ಅದರ ಮೈಕಟ್ಟು ಸಾಲದು.

ಈಗ ಒಂದು ಬಲವಾದ ನಂಬಿಕೆಯನ್ನು ಪಕ್ಕಕ್ಕಿಡಬೇಕಾಗಿದೆ. ‘ಪ್ರೊ ಟೂಲ್ಸ್‌ನಲ್ಲಿ ಧ್ವನಿ ಗಟ್ಟಿ, ಇನ್ನೊಂದರಲ್ಲಿ ತೆಳು’ ಎಂದು ಸ್ಟುಡಿಯೊಗಳಲ್ಲಿ ಅನುಭವಸ್ಥರೇ ಹೇಳುವುದುಂಟು. ನಾನೂ ಹಲವು ವರ್ಷ ಹಾಗೆಯೇ ನಂಬಿದ್ದೆ. ಒಮ್ಮೆ ಶಿಷ್ಯನೊಬ್ಬನೊಡನೆ ಕುಳಿತು ಪರೀಕ್ಷೆ ಮಾಡಿದೆ. ಹಾಡು, ಪಿಟೀಲು, ಮೃದಂಗದ ಎಡ ಮತ್ತು ಬಲ, ತಂಬೂರಿ ಇವುಗಳ ಒಂದೇ ಕಡತಗಳನ್ನು ಎರಡು ತಂತ್ರಾಂಶಗಳಿಗೆ ಹಾಕಿದೆವು. ಧ್ವನಿಯನ್ನು ಬದಲಿಸುವ ಯಾವ ಪ್ಲಗಿನ್ ಇಲ್ಲ, ಮಟ್ಟ ಏರಿಳಿಸುವ ಎಲ್ಲ ಫೇಡರುಗಳೂ ಶೂನ್ಯದಲ್ಲಿ. ಎರಡರಿಂದಲೂ ಮಿಕ್ಸ್ ಹೊರತೆಗೆದು, ಒಂದರ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದರ ಜೊತೆ ಕೂಡಿಸಿದೆವು. ಎರಡೂ ಒಂದೇ ಆಗಿದ್ದರೆ ಕೂಡಿದಾಗ ಮೌನ ಉಳಿಯಬೇಕು. ಮೌನ ಉಳಿಯಲಿಲ್ಲ; ಹಾಡು ಸಣ್ಣಗೆ ಕೇಳಿಸುತ್ತಲೇ ಇತ್ತು. ಶಿಷ್ಯ ಗೆದ್ದೆನೆಂದುಕೊಂಡ. ಆಮೇಲೆ ನೋಡಿದರೆ, ಮಧ್ಯದಲ್ಲಿ ಇಟ್ಟ ಒಂಟಿ ಟ್ರ್ಯಾಕನ್ನು ಒಂದು ತಂತ್ರಾಂಶ 3 ಡೆಸಿಬೆಲ್ ಇಳಿಸುತ್ತಿತ್ತು, ಇನ್ನೊಂದು ಇಳಿಸುತ್ತಿರಲಿಲ್ಲ. ಇದನ್ನು ಪ್ಯಾನ್ ನಿಯಮ ಎನ್ನುತ್ತಾರೆ, ಮತ್ತು ಇದನ್ನು ಬದಲಿಸಿಕೊಳ್ಳಬಹುದು. ಎರಡರಲ್ಲೂ ಒಂದೇ ನಿಯಮ ಇಟ್ಟು ಮತ್ತೆ ಕೂಡಿಸಿದಾಗ ಸ್ಪೀಕರಿನಿಂದ ಏನೂ ಬರಲಿಲ್ಲ. ಟ್ರ್ಯಾಕುಗಳನ್ನು ಕೂಡಿಸುವ ಲೆಕ್ಕ ಎಲ್ಲದರಲ್ಲೂ ಒಂದೇ. 3 ಡೆಸಿಬೆಲ್ ಜೋರಾಗಿದ್ದುದು ಕಿವಿಗೆ ಗಟ್ಟಿಯಾಗಿ ಕಂಡಿತ್ತು, ಅಷ್ಟೇ.

ಆದ್ದರಿಂದ ನಾದದ ಗುಣಕ್ಕಾಗಿ ತಂತ್ರಾಂಶ ಬದಲಿಸಲು ಹೊರಟವರು ಆ ಹಣವನ್ನು ಮೈಕಿಗೆ, ಕೋಣೆಗೆ, ದಪ್ಪ ಪರದೆಗೆ ಹಾಕಲಿ. 24 ಬಿಟ್ ಮುದ್ರಣ ಲೆಕ್ಕದ ಪ್ರಕಾರ 144 ಡೆಸಿಬೆಲ್ ಹರವನ್ನು ಹಿಡಿಯಬಲ್ಲದು. ನಮ್ಮ ಮನೆಗಳ ಫ್ಯಾನಿನ ಸದ್ದು, ಬೀದಿಯ ಸ್ಕೂಟರಿನ ಸದ್ದು ಆ ಹರವಿನ ದೊಡ್ಡ ಭಾಗವನ್ನು ಮೊದಲೇ ನುಂಗಿರುತ್ತದೆ. ಮನೆಯ ಸ್ಟುಡಿಯೊ ಎಂದರೆ ಕೀಳರಿಮೆ ಬೇಡ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಈ ಊರಿನ ಆಕಾಶವಾಣಿಯನ್ನು ಆರಂಭಿಸಿದ್ದು ತಮ್ಮ ಮನೆಯಲ್ಲೇ.

ಇನ್ನು ಸ್ವರದ ಗೆರೆಗಳ ವಿಚಾರಕ್ಕೆ ಬರುತ್ತೇನೆ. ನನ್ನ ಮಾತಿನ ತಿರುಳು ಇಲ್ಲಿದೆ. ಪಾಶ್ಚಾತ್ಯರ ಯಂತ್ರ ಸ್ಥಾಯಿಯನ್ನು ಹನ್ನೆರಡು ಮಾಡಿ ಕತ್ತರಿಸುತ್ತದೆ, ನಮ್ಮ ಸಂಗೀತ ಹಾಗಲ್ಲ ಎಂದು ಹೇಳಿ ಮುಗಿಸುವವರಿದ್ದಾರೆ. ನಾನು ಹಾಗೆ ಹೇಳಲಾರೆ. ವೀಣೆ ಶೇಷಣ್ಣನವರ ಊರಿನಲ್ಲಿ ನಿಂತು ಹಾಗೆ ಹೇಳುವುದು ತಪ್ಪಾಗುತ್ತದೆ. ನಮ್ಮ ವೀಣೆಯಲ್ಲೂ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲುಗಳಿವೆ. ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿ. ಅದೂ ಗೆರೆ ಎಳೆದ ವಾದ್ಯವೇ. ಆದರೆ ಅದರ ಮೇಲೆ ವೈಣಿಕರು ತಂತಿಯನ್ನು ಪಕ್ಕಕ್ಕೆ ಎಳೆಯುತ್ತಾರೆ. ಒಂದೇ ಮೆಟ್ಟಿಲಿನ ಮೇಲೆ ಎರಡು ಮೂರು ಸ್ವರಸ್ಥಾನಗಳಷ್ಟು ಮೇಲೇರಿ, ತೂಗಿ, ಇಳಿದು ಬರುತ್ತಾರೆ. ಮೆಟ್ಟಿಲಿರುವುದು ದೋಷವಲ್ಲವೆಂದ ಮೇಲೆ ಪ್ರತಿಯೊಂದು ತಂತ್ರಾಂಶಕ್ಕೂ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ತಂತಿಯನ್ನು ಎಳೆಯಲು ಬರುತ್ತದೆಯೇ, ಎಷ್ಟು ದೂರ ಬರುತ್ತದೆ?

1983ರಲ್ಲಿ ರೂಪುಗೊಂಡ ಮಿಡಿ ಪದ್ಧತಿಯಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ. ನಡುವಿನ ಜಾಗಕ್ಕೆ ಹೋಗಲು ಪಿಚ್ ಬೆಂಡ್ ಎಂಬ ಚಕ್ರವಿದೆ. ಅದರ ಸೂಕ್ಷ್ಮತೆ 16,384 ಹಂತಗಳು, ಇದು ಗಮಕಕ್ಕೆ ಧಾರಾಳವಾಗಿ ಸಾಕು. ತೊಡಕು ಎರಡು ಕಡೆ. ಸಾಮಾನ್ಯವಾಗಿ ಆ ಚಕ್ರದ ವ್ಯಾಪ್ತಿಯನ್ನು ಎರಡು ಸ್ವರಸ್ಥಾನಗಳಿಗೆ ಮಾತ್ರ ಇಟ್ಟಿರುತ್ತಾರೆ. ತೋಡಿಯ ಗಾಂಧಾರವನ್ನು ರಿಷಭದಿಂದ ಎಳೆದು ಮಧ್ಯಮದವರೆಗೆ ತೂಗಲು ಅದು ಸಾಲದು, ಕೈಯಾರೆ ಹೆಚ್ಚಿಸಿಕೊಳ್ಳಬೇಕು. ಎರಡನೆಯದಾಗಿ, ಚಕ್ರ ತಿರುಗಿದರೆ ಆ ಚಾನೆಲಿನ ಎಲ್ಲ ಸ್ವರಗಳೂ ಒಟ್ಟಿಗೆ ಬಾಗುತ್ತವೆ. ವೀಣೆಯಲ್ಲಿ ಬಾಜಿನ ತಂತಿಯನ್ನು ಎಳೆದರೆ ತಾಳದ ತಂತಿಗಳು ಬಾಗುತ್ತವೆಯೇ? 2018ರಲ್ಲಿ ಅಂಗೀಕೃತವಾದ ಎಂಪಿಇ ಎಂಬ ವಿಸ್ತರಣೆ ಪ್ರತಿಯೊಂದು ಸ್ವರಕ್ಕೂ ತನ್ನದೇ ಚಾನೆಲ್ ಕೊಟ್ಟು ಈ ತೊಡಕನ್ನು ನಿವಾರಿಸಿತು. ಬಿಟ್‌ವಿಗ್ ಎಂಬ ಇನ್ನೊಂದು ತಂತ್ರಾಂಶ, ಕ್ಯೂಬೇಸ್, ಲಾಜಿಕ್ ಇವುಗಳಲ್ಲಿ ಅದಕ್ಕೆ ಅನುಕೂಲವಿದೆ. ಲೈವ್‌ಗೆ ಅದು 2021ರ 11ನೇ ಆವೃತ್ತಿಯಲ್ಲಿ ಬಂತು. ಕಂಪ್ಯೂಟರಿನೊಳಗಿನ ವಾದ್ಯಗಳಿಂದ ರಾಗದ ಎಳೆ ಹಿಡಿಯಬೇಕೆನ್ನುವವರು ತಂತ್ರಾಂಶ ಕೊಳ್ಳುವ ಮೊದಲು ಈ ಒಂದು ಅಂಶವನ್ನು ನೋಡಲೇಬೇಕು.

ಮೆಟ್ಟಿಲುಗಳನ್ನೇ ಸ್ವಲ್ಪ ಸರಿಸಬೇಕಾದ ಸಂದರ್ಭವೂ ಇದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯನ್ನು ಮೀಟಿ ಕಿವಿಗೊಟ್ಟರೆ ಅದರೊಳಗಿನಿಂದ ಅಂತರ ಗಾಂಧಾರ ತಾನಾಗಿ ಮೂಡುತ್ತದೆ. ಅದು ತಂತಿಯ ಐದನೆಯ ಉಪಸ್ವರ. ಅಳೆದರೆ ಷಡ್ಜದಿಂದ 386 ಸೆಂಟ್ (ಕೀಬೋರ್ಡಿನ ಒಂದು ಸ್ವರಸ್ಥಾನಕ್ಕೆ 100 ಸೆಂಟ್). ಕೀಬೋರ್ಡಿನ ಗಾಂಧಾರ 400 ಸೆಂಟ್. 14 ಸೆಂಟ್ ವ್ಯತ್ಯಾಸ ಬರಹದಲ್ಲಿ ಚಿಕ್ಕದು. ಆದರೆ ತಂಬೂರಿಯ ಜೊತೆ ಕೀಬೋರ್ಡಿನ ಸ್ವರವನ್ನು ಹಿಡಿದು ನಿಲ್ಲಿಸಿದಾಗ ಎರಡೂ ಉಜ್ಜಿಕೊಂಡು ಅಲೆಯುವುದು ಕಲಿಯುವ ಮಕ್ಕಳಿಗೂ ಕೇಳಿಸುತ್ತದೆ. ಅಂದು ಸಭೆಯಲ್ಲಿ ಇದನ್ನು ಕೇಳಿಸಿದಾಗ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಹಲ್ಲು ಕಚ್ಚಿದಳು. ಲಾಜಿಕ್‌ನಲ್ಲಿ ಹನ್ನೆರಡು ಸ್ವರಗಳನ್ನೂ ಒಂದೊಂದಾಗಿ ಸೆಂಟ್ ಲೆಕ್ಕದಲ್ಲಿ ಸರಿಸಿಡಬಹುದು. ಕ್ಯೂಬೇಸ್‌ನಲ್ಲಿ ಮೈಕ್ರೊ ಟ್ಯೂನರ್ ಇದೆ. ಲೈವ್‌ನ 12ನೇ ಆವೃತ್ತಿ 2024ರಲ್ಲಿ ಬೇರೆ ಬೇರೆ ಶ್ರುತಿಕ್ರಮಗಳನ್ನು ಸೇರಿಸಿಕೊಂಡಿತು. ಹರಿಕಾಂಭೋಜಿಯಂಥ ರಾಗದ ಭಾವಗೀತೆಗೆ ತಂಬೂರಿಯನ್ನೂ ಕೀಬೋರ್ಡನ್ನೂ ಒಟ್ಟಿಗೆ ಬಳಸುವವರು ಈ ಸೌಲಭ್ಯವನ್ನು ಒಮ್ಮೆ ಪ್ರಯೋಗಿಸಿ ನೋಡಬೇಕು. ನನ್ನ ಮಟ್ಟಿಗೆ ಅದರಿಂದ ಬಂದ ನೆಮ್ಮದಿ ಯಾವ ದುಬಾರಿ ರಿವರ್ಬಿನಿಂದಲೂ ಬಂದಿಲ್ಲ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಶ್ರುತಿ ತಿದ್ದುವ ಸಾಧನಗಳ ಬಳಕೆಯಲ್ಲಿ. ಆಟೊಟ್ಯೂನ್ 1997ರಲ್ಲಿ ಬಂತು. ಅದನ್ನು ರೂಪಿಸಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ಭೂಗರ್ಭದ ತೈಲ ಹುಡುಕಲು ಕಂಪನಗಳ ವಿಶ್ಲೇಷಣೆ ಮಾಡುತ್ತಿದ್ದವರು. ಮೆಲೊಡೈನ್ 2001ರಲ್ಲಿ ಬಂತು. ಈಗ ಕ್ಯೂಬೇಸ್‌ನಲ್ಲಿ ವೇರಿಆಡಿಯೊ, ಲಾಜಿಕ್‌ನಲ್ಲಿ ಫ್ಲೆಕ್ಸ್ ಪಿಚ್, ರೀಪರ್‌ನಲ್ಲಿ ರೀಟ್ಯೂನ್ ಎಂಬ ಹೆಸರಿನಲ್ಲಿ ಈ ಸಾಧನ ಒಳಗೇ ದೊರೆಯುತ್ತದೆ. ಇವೆಲ್ಲ ಮಾಡುವ ಮೊದಲ ಕೆಲಸ, ಹಾಡಿನ ಹರಿವನ್ನು ಸ್ವರಗಳೆಂಬ ತುಂಡುಗಳಾಗಿ ವಿಂಗಡಿಸುವುದು. ಶಂಕರಾಭರಣದ ಪಂಚಮವನ್ನು ನೀಳವಾಗಿ ಹಿಡಿದಾಗ ವಿಂಗಡಣೆ ಸರಿಯಾಗಿಯೇ ಆಗುತ್ತದೆ. ತೋಡಿಯ ಗಾಂಧಾರವಾದರೋ ರಿಷಭ ಮಧ್ಯಮಗಳ ನಡುವಿನ ತೂಗಾಟವಾಗಿಯೇ ಜೀವಿಸುವ ಸ್ವರ. ತನ್ನ ಸ್ಥಾನದಲ್ಲಿ ಅದು ನಿಲ್ಲುವುದು ಕಡಿಮೆ. ತಂತ್ರಾಂಶ ಆ ಒಂದು ಗಾಂಧಾರವನ್ನು ನಾಲ್ಕೈದು ಸ್ವರಗಳೆಂದು ಎಣಿಸಿ ಒಂದೊಂದನ್ನೂ ಹತ್ತಿರದ ಗೆರೆಗೆ ಕೂರಿಸುತ್ತದೆ. ಬೇಗಡೆಯ ಮಧ್ಯಮಕ್ಕೂ ಇದೇ ಗತಿ. ಹಾಗೆ ತಿದ್ದಿದ ತೋಡಿಯನ್ನು ಕೇಳಿದರೆ ಇಳಿಜಾರಿನಲ್ಲಿ ಸಾಗುವ ಬಂಡಿಯನ್ನು ಮೆಟ್ಟಿಲ ಮೇಲೆ ಉರುಳಿಸಿದಂತಾಗುತ್ತದೆ.

ಸಾಧನವನ್ನೇ ದೂರವಿಡಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳ ವೃಂದಗಾನದಲ್ಲಿ ಒಂದು ಧ್ವನಿ ಮೇಲಿನ ಷಡ್ಜಕ್ಕೆ ತುಸು ಕೆಳಗೆ ನಿಂತರೆ ಅದೊಂದನ್ನೇ ಹಿಡಿದು ಎತ್ತಬಹುದು. ಮೆಲೊಡೈನ್‌ನಲ್ಲಿ ಸ್ವರದ ನಡುಬಿಂದುವನ್ನು ಸರಿಸುವ ಕೆಲಸವೂ ಅದರ ಅಲುಗಾಟವನ್ನು ತಗ್ಗಿಸುವ ಕೆಲಸವೂ ಬೇರೆ ಬೇರೆಯಾಗಿರುವುದರಿಂದ, ತೂಗಾಟವನ್ನು ಮುಟ್ಟದೆ ನಿಲುಗಡೆಯನ್ನು ಮಾತ್ರ ತಿದ್ದುವುದು ಸಾಧ್ಯ. ಆದ್ದರಿಂದ ಹೋಲಿಕೆಯಲ್ಲಿ ನಾನು ಇಡುವ ಷರತ್ತು ಇಷ್ಟು: ತಾನಾಗಿ ಎಲ್ಲವನ್ನೂ ತಿದ್ದುವ ಸೌಲಭ್ಯಕ್ಕೆ ಅಂಕ ಕೊಡಬೇಡಿ, ಒಂದೊಂದು ಸ್ವರವನ್ನೂ ಕೈಯಿಂದ ಹಿಡಿಯಲು ಬಿಡುವ, ತುಂಡುಗಳನ್ನು ಮತ್ತೆ ಜೋಡಿಸಲು ಬಿಡುವ ಸೌಲಭ್ಯಕ್ಕೆ ಕೊಡಿ. ರಾಗ ಗೊತ್ತಿಲ್ಲದ ಎಂಜಿನಿಯರ್ ತೋಡಿಗೆ ಕೈ ಹಾಕುವುದಿದ್ದರೆ ಹಾಡಿದವರು ಪಕ್ಕದಲ್ಲಿ ಕೂತಿರಬೇಕು.

ಉದ್ದಗೆರೆಗಳು, ಅಂದರೆ ಕಾಲದ ಗೆರೆಗಳು, ಇನ್ನೊಂದು ಬಗೆಯಲ್ಲಿ ಕಾಡುತ್ತವೆ. ಹೊಸ ಪ್ರಾಜೆಕ್ಟ್ ತೆರೆದರೆ ಬಹುತೇಕ ತಂತ್ರಾಂಶಗಳು ನಾಲ್ಕು ಪೆಟ್ಟಿನ ಚೌಕಗಳನ್ನು ಹಾಸಿ, ನಿಮಿಷಕ್ಕೆ 120 ಪೆಟ್ಟಿನ ಗತಿ ಇಟ್ಟು ಕಾಯುತ್ತಿರುತ್ತವೆ. ಆದಿತಾಳದ ಎಂಟು ಎಣಿಕೆಗೆ ಎರಡು ಚೌಕ ಸೇರಿಸಿದರೆ ಲೆಕ್ಕ ಕೂಡುತ್ತದೆ. ಮಿಶ್ರಛಾಪಿಗೆ ಏಳು, ಖಂಡಛಾಪಿಗೆ ಐದು ಎಂದು ಬದಲಿಸುವುದೂ ಇಂದು ಕಷ್ಟವಲ್ಲ. ಎಫ್‌ಎಲ್ ಸ್ಟುಡಿಯೊದಲ್ಲಿ ಮಾತ್ರ ಇದಕ್ಕೆ ಸರಿಯಾದ ಏರ್ಪಾಡು ಬಂದದ್ದು 2018ರ 20ನೇ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಅದರಲ್ಲಿ ಮಿಶ್ರಛಾಪು ಕಟ್ಟಿದವರು ಪಟ್ಟ ಪಾಡು ನನಗೆ ಗೊತ್ತು. ನಡೆಯ ವಿಷಯದಲ್ಲಿ ತಿಸ್ರಕ್ಕೆ ಎಲ್ಲೆಡೆ ಗೆರೆ ಸಿದ್ಧವಾಗಿ ಸಿಗುತ್ತದೆ. ಖಂಡನಡೆಗೆ, ಅಂದರೆ ಒಂದು ಎಣಿಕೆಗೆ ಐದು ಮಾತ್ರೆಗೆ, ಹುಡುಕಬೇಕಾಗುತ್ತದೆ. ರೀಪರ್‌ನಲ್ಲಿ ಗೆರೆಗಳ ವಿಭಾಗವನ್ನು ನಮಗೆ ಬೇಕಾದ ಸಂಖ್ಯೆಯಾಗಿ ಬರೆದು ಕೊಡಬಹುದಾದ್ದರಿಂದ ಮೃದಂಗದ ತನಿ ಆವರ್ತನವನ್ನು ತಿದ್ದುವಾಗ ನಾನು ಅದನ್ನೇ ತೆರೆಯುತ್ತೇನೆ.

ತಾಳದ ಲೆಕ್ಕಕ್ಕಿಂತ ಆಳದ ಪ್ರಶ್ನೆ ಕಾಲಪ್ರಮಾಣದ್ದು. ಹಾಡುಗಾರರು ಚರಣಕ್ಕೆ ಬರುವ ಹೊತ್ತಿಗೆ ಗತಿ ಕೂದಲೆಳೆಯಷ್ಟು ಏರಿರುತ್ತದೆ, ಮತ್ತೆ ಪಲ್ಲವಿಗೆ ಇಳಿಯುವಾಗ ನೆಲೆಗೊಳ್ಳುತ್ತದೆ. ಕಿವಿಯಲ್ಲಿ ಕ್ಲಿಕ್ ಹಾಕಿಕೊಂಡು ಹಾಡಿದಾಗ ಈ ಉಸಿರಾಟ ನಿಂತುಹೋಗುತ್ತದೆ. ಆಲಾಪನೆಗಂತೂ ಕ್ಲಿಕ್ಕೂ ಇಲ್ಲ, ಚೌಕವೂ ಇಲ್ಲ. ಇಲ್ಲಿ ಲೈವ್ ಬಳಸುವವರಿಗೆ ಒಂದು ಮುಖ್ಯವಾದ ಎಚ್ಚರಿಕೆ ಹೇಳಬೇಕು. ಉದ್ದನೆಯ ಧ್ವನಿಕಡತವನ್ನು ಒಳಗೆ ತಂದೊಡನೆ ಅದರ ಗತಿಯನ್ನು ತಾನೇ ಊಹಿಸಿ, ಪ್ರಾಜೆಕ್ಟಿನ ಗತಿಗೆ ಹಿಗ್ಗಿಸಿ ಕುಗ್ಗಿಸಿ ಹೊಂದಿಸುವ ಆಟೊ ವಾರ್ಪ್ ಎಂಬ ಏರ್ಪಾಡು ಅದರಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ. ನೃತ್ಯಸಂಗೀತಕ್ಕೆ ಅದು ವರ. ಹತ್ತು ನಿಮಿಷದ ಕಲ್ಯಾಣಿ ಆಲಾಪನೆಯನ್ನು ತಂದರೆ, ಪೆಟ್ಟೇ ಇಲ್ಲದ ಕಡೆ ಅದು ಪೆಟ್ಟನ್ನು ಕಲ್ಪಿಸಿಕೊಂಡು ನೀಳ ಸ್ವರಗಳನ್ನು ಎಳೆದಾಡುತ್ತದೆ. ಮೊದಲು ಆ ಗುಂಡಿಯನ್ನು ಆರಿಸಿ, ಆಮೇಲೆ ಕಡತ ತನ್ನಿ. ಲಾಜಿಕ್‌ನಲ್ಲಿ 2018ರಿಂದ ಇರುವ ಸ್ಮಾರ್ಟ್ ಟೆಂಪೊ ಇದಕ್ಕೆ ತಿರುಗುಮುರುಗು. ಅದು ಬೇಕೆಂದರೆ ನಾವು ನುಡಿಸಿದ ಗತಿಗೆ ತನ್ನ ಗೆರೆಗಳನ್ನೇ ಬಾಗಿಸುತ್ತದೆ. ಸಂಗೀತಗಾರರ ಹಿಂದೆ ಯಂತ್ರ ನಡೆಯುವ ಈ ಕ್ರಮ ನನಗೆ ಮನಸ್ಸಿಗೆ ಒಪ್ಪುತ್ತದೆ. ಪ್ರೊ ಟೂಲ್ಸ್, ರೀಪರ್, ಆರ್ಡರ್‌ಗಳಲ್ಲಿ ಗೆರೆಯನ್ನು ನಿಮಿಷ ಸೆಕೆಂಡಿಗೆ ಬದಲಿಸಿ ಚೌಕಗಳನ್ನು ಮರೆತೇ ಕೆಲಸ ಮಾಡಬಹುದು. ಕಛೇರಿ ಮುದ್ರಣಕ್ಕೆ ಅದಕ್ಕಿಂತ ಹೆಚ್ಚೇನೂ ಬೇಡ. ಕತ್ತರಿಸುವಾಗಲೂ ಚೌಕದ ಅಂಚನ್ನು ನಂಬಬಾರದು. ಎಷ್ಟೋ ಕೃತಿಗಳ ಎತ್ತುಗಡೆ ಸಮದಿಂದಾಚೆಗೆ ಇರುವುದರಿಂದ, ಅಂಚಿಗೆ ಕತ್ತರಿ ಹಾಕಿದರೆ ಸಾಹಿತ್ಯದ ಮೊದಲ ಅಕ್ಷರವೋ ಹಿಂದಿನ ಸಾಲಿನ ಬಾಲವೋ ಹೋಗುತ್ತದೆ.

ಜನಪದ ಮೇಳಗಳನ್ನು ಮುದ್ರಿಸುವವರಿಗೂ ಇದೇ ಮಾತು ಇನ್ನಷ್ಟು ಬಲವಾಗಿ ಅನ್ವಯಿಸುತ್ತದೆ. ಕಂಸಾಳೆಯ ಗುಡ್ಡರು ಮಾದಪ್ಪನ ಪದವನ್ನು ನಿಧಾನಕ್ಕೆ ಎತ್ತಿಕೊಂಡು ಕುಣಿತ ಏರಿದಂತೆ ಗತಿಯನ್ನೂ ಏರಿಸುತ್ತಾರೆ. ಆ ಏರಿಕೆಯೇ ಅದರ ಪ್ರಾಣ. ಎಫ್‌ಎಲ್ ಸ್ಟುಡಿಯೊದಲ್ಲಿ ಲೂಪ್, ಅಂದರೆ ಸುತ್ತಿ ಸುತ್ತಿ ಬರುವ ತುಣುಕು, ಹಾಸಿ ಅದರ ಮೇಲೆ ಪದವನ್ನು ಕೂರಿಸಿದ ಮುದ್ರಣಗಳು ನಮ್ಮ ಹಬ್ಬಗಳ ಧ್ವನಿವರ್ಧಕಗಳಲ್ಲಿ ತುಂಬಿವೆ. ಅವುಗಳ ಹಿಂದಿರುವ ಹುಡುಗರ ಶ್ರಮವನ್ನು ನಾನು ಗೌರವಿಸುತ್ತೇನೆ, ತಮಟೆಯ ಪೆಟ್ಟನ್ನು ಪದರ ಪದರವಾಗಿ ಕಟ್ಟಲು ಅಷ್ಟು ಚುರುಕಾದ ಸಾಧನ ಇನ್ನೊಂದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಅವರಲ್ಲಿ ನನ್ನ ಕೋರಿಕೆ, ಮೊದಲು ಮೇಳವನ್ನು ಅದರ ಗತಿಯಲ್ಲೇ ಮುದ್ರಿಸಿಕೊಳ್ಳಿ. ಆ ಮುದ್ರಣವನ್ನು ಅನುಸರಿಸಿ ಗತಿಯ ನಕ್ಷೆ ಮಾಡಿಕೊಂಡು ಆಮೇಲೆ ಲೂಪ್ ಸೇರಿಸಿ. ಕೆಲಸ ಎರಡು ದಿನ ಹೆಚ್ಚಾಗುತ್ತದೆ.

ಲೈವ್‌ಗೆ ನಾನು ಮನಸಾರೆ ಮೊದಲ ಸ್ಥಾನ ಕೊಡುವ ಒಂದು ಕ್ಷೇತ್ರವಿದೆ, ಅದು ರಂಗಭೂಮಿ. ಬಿ. ವಿ. ಕಾರಂತರು 1989ರಲ್ಲಿ ರಂಗಾಯಣವನ್ನು ಕಟ್ಟಿದ ಊರು ಇದು. ರಂಗಸಂಗೀತ ನಟರ ಉಸಿರನ್ನು ಕಾಯುವ ಸಂಗೀತ ಎಂಬುದು ಇಲ್ಲಿಯ ಪ್ರೇಕ್ಷಕರಿಗೆ ಹೇಳಿಕೊಡಬೇಕಾಗಿಲ್ಲ. ಬೇರೆ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಕಾಲ ಎಡದಿಂದ ಬಲಕ್ಕೆ ಒಂದೇ ಸಮನೆ ಹರಿಯುತ್ತದೆ. ಲೈವ್‌ನ ಸೆಷನ್ ನೋಟದಲ್ಲಿ ತುಣುಕುಗಳು ಕೋಷ್ಟಕದ ಮನೆಗಳಂತೆ ಕೂತಿರುತ್ತವೆ. ನಟ ಇನ್ನೊಂದು ಸುತ್ತು ಮೌನವಾಗಿ ನಡೆದರೆ ತುಣುಕು ಸುತ್ತುತ್ತಲೇ ಇರುತ್ತದೆ, ಅವನು ತಿರುಗಿ ನೋಡಿದ ಗಳಿಗೆಗೆ ಮುಂದಿನದನ್ನು ಬಿಡಬಹುದು. ಹಾರ್ಮೋನಿಯಂ ಮೇಲೆ ಕೈಯಿಟ್ಟು ಕಾಯುವವರ ಕೆಲಸಕ್ಕೆ ನನ್ನ ಮಟ್ಟಿಗೆ ತೀರ ಹತ್ತಿರವಾದ ತಂತ್ರಾಂಶ ಅದೇ.

ತಡವಾಗಿ ಕೇಳಿಸುವ ತೊಂದರೆಯ ಬಗ್ಗೆ ಎರಡು ಮಾತು. ಕಂಪ್ಯೂಟರ್ ಧ್ವನಿಯನ್ನು ಒಮ್ಮೆಗೆ ಎತ್ತಿಕೊಳ್ಳುವ ತುಂಡು, ಅಂದರೆ ಬಫರ್, 256 ಸ್ಯಾಂಪಲ್ (ಧ್ವನಿಯ ಬಿಡಿ ಅಳತೆ) ಇದ್ದು, ಸ್ಯಾಂಪಲ್ ದರ 44.1 ಕಿಲೋಹರ್ಟ್ಸ್ ಇದ್ದರೆ ಒಂದು ಬಫರಿನ ವಿಳಂಬ 5.8 ಮಿಲಿಸೆಕೆಂಡ್. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಅದು ಮೃದಂಗದವರು ಎರಡು ಮೀಟರ್ ಆಚೆ ಕೂತಂತೆ, ಹೊಂದಿಕೊಳ್ಳಬಹುದು. ಬಫರ್ 1024ಕ್ಕೆ ಏರಿದರೆ 23 ಮಿಲಿಸೆಕೆಂಡ್, ಅಂದರೆ ಎಂಟು ಮೀಟರ್ ಆಚೆ. ಹೋಗಿ ಬರುವ ಎರಡೂ ದಾರಿ ಸೇರಿದರೆ ಇದು ಇಮ್ಮಡಿಯಾಗುತ್ತದೆ. ಇದು ಹೆಚ್ಚಾಗಿ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಮತ್ತು ಅದರ ಡ್ರೈವರಿನ ವಿಷಯವಾದ್ದರಿಂದ ತಂತ್ರಾಂಶವನ್ನು ದೂರಬೇಕಾಗಿಲ್ಲ.

ಬೆಲೆಯ ವಿಚಾರದಲ್ಲಿ ಅಂಕಿಗಳು ಬದಲಾಗುತ್ತಿರುತ್ತವೆ, ಕೊಳ್ಳುವ ಬಗೆ ಮುಖ್ಯ. ಲಾಜಿಕ್‌ಗೆ ಮ್ಯಾಕ್‌ನಲ್ಲಿ ಒಮ್ಮೆ ಹಣ ಕೊಟ್ಟರೆ ಆಯಿತು, ಆದರೆ ಮ್ಯಾಕ್ ಇರಲೇಬೇಕು. ಎಫ್‌ಎಲ್ ಸ್ಟುಡಿಯೊ ಒಮ್ಮೆ ಕೊಂಡವರಿಗೆ ಮುಂದಿನ ಆವೃತ್ತಿಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ. ಇದು ದೊಡ್ಡ ಮಾತು. ಪ್ರೊ ಟೂಲ್ಸ್ ಮುಖ್ಯವಾಗಿ ಚಂದಾ ಪದ್ಧತಿಗೆ ಹೋಗಿದೆ. 2022ರಿಂದ ಎಂಟು ಧ್ವನಿಟ್ರ್ಯಾಕುಗಳ ಉಚಿತ ಆವೃತ್ತಿಯೂ ಇದೆ, ನಾಲ್ಕು ಜನರ ಕಛೇರಿ ಕಲಿಯಲು ಅದು ಸಾಕು. ರೀಪರ್ 60 ದಿನ ಪೂರ್ತಿಯಾಗಿ ಪರೀಕ್ಷಿಸಲು ಸಿಗುತ್ತದೆ, ಸಣ್ಣ ಆದಾಯದವರಿಗೆ 60 ಡಾಲರ್, ಮತ್ತು ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರ ಮುಖ ಮೊದಲ ನೋಟಕ್ಕೆ ಒರಟು. ಒಳಗೆ ಸಿದ್ಧವಾದ ವಾದ್ಯಗಳೂ ಹೆಚ್ಚಿಲ್ಲ. ವೀಣೆಯನ್ನೋ ಹಾಡನ್ನೋ ಮುದ್ರಿಸುವವರಿಗೆ ಆ ವಾದ್ಯಗಳು ಬೇಡವೇ ಬೇಡ.

ಕೊನೆಯದಾಗಿ, ಹೋಲಿಕೆಯ ಪಟ್ಟಿಗಳಲ್ಲಿ ನಾನು ಎಂದೂ ಕಾಣದ, ಆದರೆ ನನ್ನನ್ನು ಇಂದಿಗೂ ನೋಯಿಸುವ ಒಂದು ಅಂಶ. ಬಹಳ ವರ್ಷಗಳ ಹಿಂದೆ ಒಬ್ಬ ಹಿರಿಯ ವೈಣಿಕರ ಮನೆಯಲ್ಲಿ ನಾಲ್ಕು ದಿನ ಕೂತು ಅವರ ವಾದನವನ್ನು ಮುದ್ರಿಸಿದೆ. ಆಗ ಬಳಸುತ್ತಿದ್ದ ತಂತ್ರಾಂಶವನ್ನು ಮುಂದೆ ಅದರ ತಯಾರಕರು ಕೈಬಿಟ್ಟರು. ನಾನು ಉಳಿಸಿಕೊಂಡಿದ್ದುದು ಪ್ರಾಜೆಕ್ಟನ್ನು ಮಾತ್ರ. ವರ್ಷಗಳ ನಂತರ ಅದನ್ನು ತೆರೆಯಬಲ್ಲ ಕಂಪ್ಯೂಟರೇ ನನ್ನ ಬಳಿ ಇರಲಿಲ್ಲ. ಕಡತಗಳ ಚೀಲದೊಳಗೆ ನೂರಾರು ಧ್ವನಿತುಂಡುಗಳಿದ್ದವು, ಒಂದಕ್ಕೂ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವುದರ ಮುಂದೆ ಯಾವುದು ಬರಬೇಕೆಂಬ ಲೆಕ್ಕ ಆ ತೆರೆಯದ ಪ್ರಾಜೆಕ್ಟಿನಲ್ಲಿತ್ತು. ಕೇಳಿ ಕೇಳಿ ಎರಡು ಕೃತಿಗಳನ್ನು ಜೋಡಿಸಿದೆ. ಒಂದು ತಾನವನ್ನು ಜೋಡಿಸಲಾಗಲಿಲ್ಲ, ಏಕೆಂದರೆ ಅದರ ಕ್ರಮ ಗೊತ್ತಿದ್ದವರು ಅವರೊಬ್ಬರೇ, ಮತ್ತು ಅವರು ಅಷ್ಟರಲ್ಲಿ ತೀರಿಕೊಂಡಿದ್ದರು.

ಅಂದಿನಿಂದ ಕೆಲಸ ಮುಗಿದ ದಿನವೇ ಪ್ರತಿಯೊಂದು ಟ್ರ್ಯಾಕನ್ನೂ ಶೂನ್ಯದಿಂದ ಕೊನೆಯವರೆಗೆ ಒಂದೇ ವೇವ್ ಕಡತವಾಗಿ ಹೊರತೆಗೆದು, ರಾಗ, ತಾಳ, ಶ್ರುತಿ, ದಿನಾಂಕ ಬರೆದು ಎರಡು ಕಡೆ ಇಡುತ್ತೇನೆ. 48 ಕಿಲೋಹರ್ಟ್ಸ್, 24 ಬಿಟ್ ಲೆಕ್ಕದಲ್ಲಿ ಒಂದು ಟ್ರ್ಯಾಕಿಗೆ ಗಂಟೆಗೆ ಸುಮಾರು 518 ಮೆಗಾಬೈಟ್; ಎಂಟು ಟ್ರ್ಯಾಕಿನ ಎರಡೂವರೆ ಗಂಟೆಯ ಕಛೇರಿಗೆ 10 ಗಿಗಾಬೈಟಿಗಿಂತ ತುಸು ಹೆಚ್ಚು. ಇಂದು ಅದು ಜೇಬಿನಲ್ಲಿ ಹಿಡಿಯುವ ವಸ್ತು. ತಂತ್ರಾಂಶ ಹೋಲಿಸುವಾಗ ಹೀಗೆ ಎಲ್ಲ ಟ್ರ್ಯಾಕುಗಳನ್ನು ಒಂದೇ ಆಜ್ಞೆಯಲ್ಲಿ ಹೊರತೆಗೆಯಲು ಬರುತ್ತದೆಯೇ ಎಂದು ನೋಡಿ. ಬಿಟ್‌ವಿಗ್ ಮತ್ತು ಪ್ರಿಸೋನಸ್ ಸಂಸ್ಥೆಗಳು 2023ರಲ್ಲಿ ಡಾಪ್ರಾಜೆಕ್ಟ್ ಎಂಬ ಮುಕ್ತ ವಿನಿಮಯ ರೂಪವನ್ನು ಹೊರತಂದಿವೆ. ಅದು ಎಲ್ಲ ಕಡೆ ನೆಲೆಗೊಳ್ಳಲಿ ಎಂದು ನಾನು ಹಾರೈಸುತ್ತೇನೆ, ಆದರೆ ಅಲ್ಲಿಯವರೆಗೆ ವೇವ್ ಕಡತವನ್ನೇ ನಂಬುತ್ತೇನೆ.

ಮಾತು ಮುಗಿದ ಮೇಲೆ ವೀಣೆ ಕಲಿಯುತ್ತಿರುವ ಹುಡುಗಿಯೊಬ್ಬಳು ಎದ್ದು, ‘ಸರ್, ನಮ್ಮ ಮನೆಯಲ್ಲಿರುವುದು ಅಮ್ಮನ ಹಳೆಯ ಲ್ಯಾಪ್‌ಟಾಪು, ಒಂದೇ ಮೈಕು. ನಾನು ಏನು ಹಾಕಿಕೊಳ್ಳಲಿ?’ ಎಂದು ಕೇಳಿದಳು. ರೀಪರ್ ಹಾಕಿಕೋ ತಾಯಿ, ಗೆರೆಯನ್ನು ನಿಮಿಷ ಸೆಕೆಂಡಿಗೆ ಬದಲಿಸು, ಚೌಕಕ್ಕೆ ಅಂಟಿಸುವ ಸ್ನ್ಯಾಪ್ ಗುಂಡಿಯನ್ನು ಆರಿಸು, 48 ಕಿಲೋಹರ್ಟ್ಸ್ 24 ಬಿಟ್ ಇಡು ಎಂದೆ. ಎಲೆಕ್ಟ್ರಾನಿಕ್ ತಂಬೂರಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳಬಹುದೇ ಎಂದು ಮತ್ತೆ ಕೇಳಿದಳು. ಬೇಡ, ಅದನ್ನು ಮೊದಲು ಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿಕೊಂಡು ಒಂದೇ ಕಿವಿಯ ಹೆಡ್‌ಫೋನಿನಲ್ಲಿ ಕೇಳುತ್ತ ನುಡಿಸು, ಇನ್ನೊಂದು ಕಿವಿ ವೀಣೆಗಿರಲಿ ಎಂದೆ. ವೀಣೆಯ ಮೈಕಿನಲ್ಲಿ ತಂಬೂರಿ ಸೇರಿಕೊಂಡರೆ, ತಪ್ಪಿದ ಸಾಲನ್ನು ತೆಗೆದು ಇನ್ನೊಂದನ್ನು ಜೋಡಿಸಿದ ಕಡೆ ವೀಣೆ ಸರಿಯಾಗಿ ಕೂಡಿದರೂ ತಂಬೂರಿಯ ಮೀಟು ತಟ್ಟನೆ ಜಿಗಿಯುತ್ತದೆ.